ನಾಲ್ಕು ಕೀಲಿಗೆ ಒಂದೇ ಚಾವಿ

ಮೋಟೆಬೆನ್ನೂರಿನ ಕೊಟ್ರೇಶ ಬಿ.ಎಸ್ಸಿ. ಓದಿದವನೆಂಬುದನ್ನು ಊರು ಮರೆಯುವ ಹಾಗಿರಲಿಲ್ಲ. ದಿನಕ್ಕೊಮ್ಮೆಯಾದರೂ ಅವನೇ ನೆನಪು ಮಾಡಿಕೊಡುತ್ತಿದ್ದ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಎರಡು ತಾಸಿಗೊಮ್ಮೆ ಉಷ್ಣಾಂಶ ನೋಡಿ ಬರೆಯುವುದು ಅವನ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಒಂದು ಅಂಕಿಯೂ ತಪ್ಪಿದ್ದಿಲ್ಲ. ಅದೇ ಇಪ್ಪತ್ತು ವರ್ಷಗಳಲ್ಲಿ ಅವನು ಹನ್ನೊಂದು ಕೊಡೆಗಳನ್ನೂ ಆರು ಊಟದ ಡಬ್ಬಿಗಳನ್ನೂ ಕಳೆದಿದ್ದ. ಒಮ್ಮೆ ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸಿನ ಮಟ್ಟಿಗೆ ಹೆಂಡತಿ ಪುಷ್ಪಲತಾಳನ್ನೂ ಕಳೆದುಕೊಂಡಿದ್ದ. ಅವಳು ಸಿಕ್ಕಳು, ಕೊಡೆಗಳು ಸಿಗಲಿಲ್ಲ.

ನಾಲ್ಕು ತಿಂಗಳ ಹಿಂದೆ ಅವನು ರಾಣೇಬೆನ್ನೂರಿನಿಂದ ಆಕಾಶನೀಲಿ ಬಣ್ಣದ ಒಂದು ಇಲೆಕ್ಟ್ರಿಕ್ ಬೈಕು ತಂದ. ತಾಸಿಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡದ ಗಾಡಿ. ಅದಕ್ಕೆ ಲೈಸೆನ್ಸು ಬೇಡ, ನಂಬರ್ ಪ್ಲೇಟೂ ಬೇಡ. ಆದರೆ ಬೇಡವಾದದ್ದೆಲ್ಲ ಇಲ್ಲದ ಆ ಗಾಡಿಗೆ ಕೀಲಿಗಳು ಮಾತ್ರ ನಾಲ್ಕಿದ್ದವು. ಚಾಲೂ ಮಾಡಲು ಒಂದು, ಬ್ಯಾಟರಿಯ ಬಾಗಿಲಿಗೆ ಒಂದು. ಸೀಟಿನ ಕೆಳಗಿನ ಡಿಕ್ಕಿಯ ಕೀಲಿ ಎರಡನೆಯ ತಿಂಗಳೇ ಮುರಿದುದರಿಂದ ಹೊಸದಾಗಿ ಹಾಕಿಸಿದ್ದು ಇನ್ನೊಂದು. ಗಾಲಿಗೆ ಸರಪಳಿ ಬಿಗಿದು ಹಾಕುವ ಕೀಲಿ ನಾಲ್ಕನೆಯದು. ನಾಲ್ಕಕ್ಕೂ ಬೇರೆ ಬೇರೆ ಚಾವಿ.

ನಾಲ್ಕು ಚಾವಿಗಳನ್ನು ನಾಲ್ಕು ಕೀಲಿಗಳಿಗೆ ಇಪ್ಪತ್ನಾಲ್ಕು ರೀತಿಯಲ್ಲಿ ಹೊಂದಿಸಬಹುದೆಂದು ಕೊಟ್ರೇಶ ಲೆಕ್ಕ ಹಾಕಿ ಹೇಳಬಲ್ಲವನಾಗಿದ್ದ. ಸರಿಯಾದುದು ಯಾವುದೆಂದು ಮಾತ್ರ ಹೇಳಲಾರ. ಆದ್ದರಿಂದ ಅವನು ಚಾವಿಗಳಿಗೆ ಕೆಂಪು, ನೀಲಿ, ಹಸಿರು, ಹಳದಿ ಚೀಟಿ ಅಂಟಿಸಿದ. ಯಾವ ಬಣ್ಣ ಯಾವುದಕ್ಕೆ ಎಂದು ಒಂದು ಕೋಷ್ಟಕ ಬರೆದ. ಕಳೆಯಬಾರದೆಂದು ಆ ಕೋಷ್ಟಕವನ್ನು ಡಿಕ್ಕಿಯಲ್ಲಿಟ್ಟು ಕೀಲಿ ಹಾಕಿದ.

ಕಳೆದ ತಿಂಗಳು ಒಂದು ನಾಮಕರಣಕ್ಕೆ ಹೊರಟಾಗ ರೇಷ್ಮೆ ಸೀರೆಯುಟ್ಟ ಪುಷ್ಪಲತಾ ಬೀದಿಯಲ್ಲಿ ಹತ್ತು ಮಿನಿಟು ನಿಂತಳು. ಕೊಟ್ರೇಶ ಗಾಡಿಯ ಸುತ್ತ ತಿರುಗುತ್ತ ಒಂದೊಂದೇ ಚಾವಿ ಹಾಕಿ ನೋಡುತ್ತಿದ್ದ. ಪಕ್ಕದ ಮನೆಯ ಉಚ್ಚಂಗೆವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಏನ ಪುಷ್ಪಾ, ಪ್ರದಕ್ಷಿಣಿ ಎಷ್ಟು ಹಾಕಬೇಕಂತ ಬೇಡ್ಕೊಂಡಾನ ನಿನ್ನ ಗಂಡ?"

"ಬಸ್ಸಿಗೆ ಹೋಗೂಣ ನಡೀರಿ," ಎಂದಳು ಪುಷ್ಪಲತಾ, ಗಂಡನಿಗೆ.

ಆ ಗಳಿಗೆಯಲ್ಲಿ ಕೊಟ್ರೇಶ ಒಂದು ನಿರ್ಧಾರಕ್ಕೆ ಬಂದ. ನಾಲ್ಕು ಕೀಲಿಗೆ ಒಂದೇ ಚಾವಿ ಆಗಬೇಕು.

ಬ್ಯಾಡಗಿ ಪೇಟೆಯಲ್ಲಿ ಚಾವಿ ಮಾಡುವ ಕಾಸೀಮಸಾಬನದು ಒಂದು ತಗಡಿನ ಡಬ್ಬಿ ಅಂಗಡಿ. ಒಳಗೆ ಗೋಡೆಯ ತುಂಬ ಚಾವಿಗಳು ಮಾವಿನ ತೋರಣದ ಹಾಗೆ ತೂಗುತ್ತಿದ್ದವು. ಕೊಟ್ರೇಶ ತನ್ನ ಗೊಂಚಲನ್ನು ಅವನ ಮುಂದಿಟ್ಟ.

"ನಾಲ್ಕೂ ಒಂದ ಚಾವಿಗೆ ತೆರೀಬೇಕು ಕಾಸೀಮಸಾಬ್ರ. ಆಗತೈತೇನು?"

"ಆಗಲಾರದ ಏನ್ರಿ." ಕಾಸೀಮಸಾಬ ಕನ್ನಡಕ ಹಣೆಗೇರಿಸಿದ. "ಕೀಲಿ ಒಳಗ ಐದು ಹಿತ್ತಾಳಿ ಚೂರು ಇರತಾವ. ಒಂದೊಂದು ಒಂದೊಂದು ಉದ್ದ. ಚಾವಿ ಹಲ್ಲಿಗೆ ಅವು ಹೊಂದಿದ್ರ ತಿರಗತೈತಿ. ನಾಲ್ಕೂ ಕೀಲಿ ಬಿಚ್ಚಿ ಒಳಗಿನ ಚೂರು ಒಂದ ನಮೂನಿ ಮಾಡಿದ್ರ ಆತು. ಗಾಡಿ ಇಲ್ಲೇ ಬಿಟ್ಟು ಸಂಜಿಕೆ ಬರ್ರಿ."

ಇಷ್ಟು ಶಾಸ್ತ್ರೀಯವಾದ ಮಾತನ್ನು ಕೊಟ್ರೇಶ ಬ್ಯಾಡಗಿಯಲ್ಲಿ ಕೇಳಿ ಬಹಳ ದಿನವಾಗಿತ್ತು. ಸಂಜೆ ಹೋದಾಗ ಕೆಲಸ ಮುಗಿದಿತ್ತು. ಒಂದೇ ಚಾವಿ ನಾಲ್ಕು ಕೀಲಿಗಳಲ್ಲೂ ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗಿತು.

"ಇದನ್ನ ಕಳಕೊಂಡ್ರ?" ಎಂದು ಕೇಳಿದ ಕೊಟ್ರೇಶ, ತನ್ನ ಚರಿತ್ರೆಯನ್ನು ಬಲ್ಲವನಾಗಿ.

"ಕಳಕೋರಿ, ಏನಾತು. ಹತ್ತು ಮಿನಿಟಿನ್ಯಾಗ ಇನ್ನೊಂದು ಕೊಡ್ತೇನಿ. ಗಾಡಿ ತರೂದು ಬ್ಯಾಡ, ಕೀಲಿ ತೋರ್ಸೂದು ಬ್ಯಾಡ, ಹೆಸರ ಸೈತ ಹೇಳೂದು ಬ್ಯಾಡ."

ವಿಜ್ಞಾನ ಓದಿದ ಮನುಷ್ಯ ಇಲ್ಲಿ ನಿಂತು, ಹೆಸರೂ ಹೇಳದೆ ಯಾವ ಚಾವಿಯೆಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಬೇಕಾಗಿತ್ತು. ಕೊಟ್ರೇಶ ಕೇಳಲಿಲ್ಲ. ಆ ಹೊತ್ತಿಗೆ ಅವನು ಐದನೆಯ ಸಲ ಡಿಕ್ಕಿ ತೆರೆದು ಮುಚ್ಚುತ್ತಿದ್ದ.

ಮುಂದಿನ ವಾರವೆಲ್ಲ ಅವನಿಗೆ ಹಬ್ಬ. ಕೋಲ್ಡ್ ಸ್ಟೋರೇಜಿನಲ್ಲಿ ಜೊತೆಗೆ ಕೆಲಸ ಮಾಡುವ ಮಾಂತೇಶನಿಗೆ ಅವನು ಕೀಲಿಯ ಒಳರಚನೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ವಿವರಿಸಿದ. ಐದು ಚೂರು, ಒಂದೊಂದಕ್ಕೆ ನಾಲ್ಕು ಉದ್ದ. ಅಂದರೆ ಒಂದು ಸಾವಿರದ ಇಪ್ಪತ್ನಾಲ್ಕು ಬಗೆಯ ಚಾವಿ. ಅದರಲ್ಲಿ ತನ್ನದು ಒಂದು. ಮಾಂತೇಶ ಕೇಳುವಷ್ಟು ಕೇಳಿ, "ನಿಮ್ಮ ಗಾಡಿ ಹೆಂಗೂ ಕಳುವಾಗೂದಿಲ್ಲ ಬಿಡ್ರಿ ಸರ್, ಕಳ್ಳಗ ಓಡ್ಸಾಕ ತಾಳ್ಮಿ ಬೇಕು," ಎಂದ. ಈ ಮಾತನ್ನು ಕೊಟ್ರೇಶ ಮನಸ್ಸಿಗೆ ಹಚ್ಚಿಕೊಂಡ.

ಗಂಡ ಗಾಡಿಯ ಬಳಿ ಹೋದ ಮರುಗಳಿಗೆಯೇ ಗಾಡಿ ಚಾಲೂ ಆಗುವುದನ್ನು ಪುಷ್ಪಲತಾ ಒಂದು ವಾರ ನೋಡಿದಳು. ನಾಗರ ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಅವಳು ಒಂದು ಬಟ್ಟೆಯ ಗಂಟನ್ನು ತಂದು ಅವನ ಕೈಯಲ್ಲಿಟ್ಟಳು. ಅದರಲ್ಲಿ ಅವಳ ತಾಯಿಯ ಬೋರಮಾಳವಿತ್ತು.

ಆ ಬೋರಮಾಳದ ಮಾತು ಹೀಗೆ. ತಾಯಿ ತೀರಿಹೋದ ಮೇಲೆ ಇದ್ದ ಒಂದೇ ಬಂಗಾರದ ಗುಂಡಿನ ಸರವನ್ನು ಮುರಿಯಲು ಅಕ್ಕತಂಗಿಯರಿಬ್ಬರಿಗೂ ಮನಸ್ಸು ಬರಲಿಲ್ಲ. ಒಂದು ವರ್ಷ ಅಕ್ಕನ ಕೊರಳಲ್ಲಿ, ಒಂದು ವರ್ಷ ಹಾವೇರಿಯಲ್ಲಿರುವ ತಂಗಿ ಶ್ವೇತಾಳ ಕೊರಳಲ್ಲಿ ಇರುವುದೆಂದು ಮಾತಾಯಿತು. ತವರಿನ ಹಬ್ಬವಾದ ಪಂಚಮಿಯ ದಿನ ಒಬ್ಬಳು ಇನ್ನೊಬ್ಬಳ ಮನೆಗೆ ಎಳ್ಳು, ಶೇಂಗಾದ ಉಂಡಿ ಕಟ್ಟಿಕೊಂಡು ಹೋಗಿ ಸರವನ್ನು ಒಪ್ಪಿಸಬೇಕು. ಅದೇ ಅವರಿಗೆ ತವರು. ಒಂಬತ್ತು ವರ್ಷ ತಪ್ಪದೆ ನಡೆದಿತ್ತು. ಈ ಸಲ ಪುಷ್ಪಲತಾ ಒಪ್ಪಿಸುವ ಸರದಿ, ಮತ್ತು ಸರದ ದಾರ ಸವೆದಿತ್ತು.

"ಬ್ಯಾಡಗಿ ಪಟವೇಗಾರನ ಕಡೆ ಹೊಸಾ ದಾರಕ್ಕ ಪೋಣಿಸಿಕೊಂಡು ಮಧ್ಯಾಹ್ನ ತರ್ರಿ. ನಾನ ಹೋಗ್ತಿದ್ದೆ, ಜೋಳದ ಅಳ್ಳು ಹುರಿಯೂದೈತಿ, ಉಂಡಿ ಕಟ್ಟೂದೈತಿ." ಅವಳು ಗಂಟಿನ ಮೇಲಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಇದು ಕಳಕೊಳ್ಳಾಕ ಕೊಡಿ, ಡಬ್ಬಿ ಅಲ್ರಿ ಮತ್ತ."

"ಡಿಕ್ಕಿಗೆ ಒಂದು ಕೀಲಿ, ಗಾಲಿಗೆ ಒಂದು ಕೀಲಿ, ಗಾಡಿಗೆ ಒಂದು ಕೀಲಿ," ಎಂದ ಕೊಟ್ರೇಶ. "ಇಷ್ಟು ಭದ್ರ ನಿಮ್ಮವ್ವನ ಕೊರಳಾಗೂ ಇರಲಿಲ್ಲ."

ಪಟವೇಗಾರ ಗುಂಡುಗಳ ಹಳೆಯ ಸಾಲು ತಪ್ಪದಂತೆ ಚೆನ್ನಾಗಿ ಪೋಣಿಸಿಕೊಟ್ಟ. ಕೊಟ್ರೇಶ ಸರವನ್ನು ಡಿಕ್ಕಿಯಲ್ಲಿಟ್ಟ, ಕೀಲಿ ಹಾಕಿದ, ಎಳೆದು ನೋಡಿದ. ಪೇಟೆಯಲ್ಲಿ ಬೈಕುಗಳ ಸಾಲಿನಲ್ಲಿ ಗಾಡಿ ನಿಲ್ಲಿಸಿ ಗಾಲಿಗೆ ಸರಪಳಿ ಬಿಗಿದು ಉಂಡಿಗೆ ಇನ್ನಷ್ಟು ಬೆಲ್ಲ, ಶೇಂಗಾ ತರಲು ಹೋದ. ಹಬ್ಬದ ಗದ್ದಲದಲ್ಲಿ ಅರ್ಧ ತಾಸು ಹಿಡಿಯಿತು. ಬಂದು ಆಕಾಶನೀಲಿ ಗಾಡಿಯ ಸರಪಳಿಗೆ ಚಾವಿ ಹಾಕಿದ, ತೆರೆಯಿತು. ಗಾಡಿಗೆ ಹಾಕಿದ, ಚಾಲೂ ಆಯಿತು. ಬೆಲ್ಲದ ಚೀಲವನ್ನು ಕಾಲಡಿಯಲ್ಲಿಟ್ಟು ಹೊರಟ.

ಪ್ರಕೃತಿ ಅವನಿಗೆ ಸೂಚನೆ ಕೊಡಲಿಲ್ಲವೆಂದಲ್ಲ. ಸೀಟು ಎಂದಿಗಿಂತ ಮೆತ್ತಗಿತ್ತು. ಶ್ರಾವಣದ ತೇವಕ್ಕೆ ಸ್ಪಂಜು ಉಬ್ಬಿದೆ ಎಂದುಕೊಂಡ. ಹಾರ್ನು ಬೇರೆ ಸ್ವರದಲ್ಲಿ ಕೂಗಿತು. ತಂಪು ಗಾಳಿಯಲ್ಲಿ ಶಬ್ದದ ವೇಗ ಕಡಿಮೆ. ಬೆಳಿಗ್ಗೆ ಎರಡು ಗೆರೆಯಿದ್ದ ಬ್ಯಾಟರಿ ಈಗ ನಾಲ್ಕು ಗೆರೆ ತೋರಿಸುತ್ತಿತ್ತು. ಇದಕ್ಕೆ ಮಾತ್ರ ಮೋಟೆಬೆನ್ನೂರಿನ ತನಕ ಯೋಚಿಸಬೇಕಾಯಿತು. ಕಡೆಗೆ, ವಿಶ್ರಾಂತಿಯಿಂದ ಬ್ಯಾಟರಿ ತಾನೇ ಚೇತರಿಸಿಕೊಳ್ಳುವ ಒಂದು ಹೊಸ ಸಂಗತಿಯನ್ನು ತಾನು ಕಂಡುಹಿಡಿದಿರಬಹುದೆಂದು ತೀರ್ಮಾನಿಸಿದ.

ಪುಷ್ಪಲತಾ ಕೈಗೆ ಹತ್ತಿದ ಬೆಲ್ಲದ ಪಾಕವನ್ನು ಒರೆಸುತ್ತ ಹೊರಗೆ ಬಂದಳು. ಜಾಲರಿ ಸೌಟು ಕೇಳಲು ಬಂದಿದ್ದ ಉಚ್ಚಂಗೆವ್ವ ಅವಳ ಹಿಂದೆಯೇ ಬಂದಳು.

"ಎಲ್ಲಿ ಐತ್ರಿ?"

"ಎಲ್ಲಿರಬೇಕೋ ಅಲ್ಲೇ ಐತಿ. ನೀನ ತೆಗಿ." ಕೊಟ್ರೇಶ ಚಾವಿಯನ್ನು ಅವಳಿಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಡಿಕ್ಕಿ ತೆರೆಯಿತು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಹಸಿರು, ಕೆಂಪು ಗಾಜಿನ ಬಳೆಗಳಿದ್ದವು. ಒಂದು ಅರ್ಧ ಸವೆದ ಸಾಬೂನು ಇತ್ತು. ಒಂದು ಸಣ್ಣ ಒದ್ದೆ ಬಟ್ಟೆ ಇತ್ತು. ಬೋರಮಾಳ ಇರಲಿಲ್ಲ.

ಪುಷ್ಪಲತಾ ಒಂದು ಬಳೆ ತೆಗೆದು ತನ್ನ ಕೈಗೆ ಹಾಕಿ ನೋಡಿದಳು. ಅದು ನಾಲ್ಕು ಬೆರಳ ಗೆಣ್ಣುಗಳ ಹತ್ತಿರವೇ ನಿಂತಿತು.

"ಇವು ನನ್ನ ಕೈಯವು ಅಲ್ಲ," ಎಂದಳು.

ಉಚ್ಚಂಗೆವ್ವ ಬಳೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. "ಎರಡು-ಎರಡರ ಅಳತಿ. ಭಾಳ ಸಣ್ಣ ಕೈ. ಈ ಓಣ್ಯಾಗಂತೂ ಯಾರದೂ ಇಲ್ಲ." ಅವಳು ಓಣಿ ದಾಟಿ ಊರನ್ನು ಮನಸ್ಸಿನಲ್ಲಿಯೇ ಸುತ್ತಿ ಬಂದಳು. "ಊರಾಗೂ ಇಲ್ಲ. ಹೊರಗಿನಾಕಿ ಇರಬೇಕು. ಸಾಬಾಣ ಅರ್ಧ ಸವದೈತಿ ನೋಡು, ಒಂದು ಕೈಗೆ ತೊಡಿಸಿ ಆಗೇತಿ."

"ಯಾರಿಗೆ ತೊಡಸಲಿ ಉಚ್ಚಂಗೆವ್ವಾ?" ಎಂದ ಕೊಟ್ರೇಶ. "ನನಗ ನನ್ನ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲ."

ಈ ಸಾಕ್ಷ್ಯ ಬಲವಾಗಿದ್ದುದರಿಂದ ಉಚ್ಚಂಗೆವ್ವ ಬಳೆಯನ್ನು ತಿರುಗಿ ಪೇಪರಿನಲ್ಲಿ ಸುತ್ತಿದಳು.

"ರೀ," ಎಂದಳು ಪುಷ್ಪಲತಾ, "ಗಾಡಿ ಅದಲುಬದಲಾಗಿಲ್ಲ ಹೌದಲ್ರಿ?"

ಆ ಮಧ್ಯಾಹ್ನ ಯಾರಾದರೂ ಆಡಿದ ಒಂದೇ ಬುದ್ಧಿವಂತಿಕೆಯ ಮಾತು ಅದು. ಕೊಟ್ರೇಶ ಅದಕ್ಕೆ ಕರುಣೆಯಿಂದ ನಕ್ಕ.

"ನನ್ನ ಚಾವಿ ಮಂದಿ ಕೀಲಿ ತೆರೀತೈತೇನ ಹುಚ್ಚಿ? ಸಾವಿರದ ಇಪ್ಪತ್ನಾಲ್ಕರಾಗ ಒಂದು ಸಲ ಒಂದು ಕೀಲಿ ಹೊಂದೀತು. ನಾಲ್ಕೂ ಕೀಲಿ ಹೊಂದಬೇಕಂದ್ರ..." ಅವನು ಬೆಲ್ಲದ ಚೀಲದ ಮೇಲೆ ಪೆನ್ನಿನಿಂದ ಗುಣಿಸಿದ. "ಒಂದು ಲಕ್ಷ ಕೋಟಿಗೆ ಒಂದು ಸಲ. ಅಷ್ಟು ಗಾಡಿ ಈ ಜಗತ್ತಿನ್ಯಾಗ ಇಲ್ಲ. ಗಾಡಿ ನಮ್ಮದ. ಒಳಗಿನ ಸಾಮಾನು ಯಾರೋ ಬದಲು ಮಾಡ್ಯಾರ."

"ಕಳ್ಳ ಬಂಗಾರ ಒಯ್ದು ಬಳಿ ಇಟ್ಟು ಹೊಕ್ಕಾನೇನ್ರಿ?"

ಇಲ್ಲಿ ಉಚ್ಚಂಗೆವ್ವನ ಮುಖ ಬೆಳಗಿತು. "ಗಂಡಸಿನ ಗಾಡ್ಯಾಗ ಬಳಿ ಇಟ್ಟು ಹೋದ್ರ ಏನರ್ಥ ಅಂತ ನಾ ಹೇಳಬೇಕೇನು? ತೊಟ್ಟುಕೊಂಡು ಮನ್ಯಾಗ ಕುಂದ್ರು ಅಂತ ಅರ್ಥ. ಯಾರೋ ನಿನ್ನ ಮ್ಯಾಲ ಹಗೆ ಸಾಧಿಸ್ಯಾರ ತಮ್ಮಾ."

ಕೊಟ್ರೇಶನಿಗೆ ಮಾಂತೇಶನ ಮಾತು ನೆನಪಾಯಿತು. ಕೀಲಿಯ ಒಳರಚನೆಯನ್ನು ಪೂರ್ತಿ ತಿಳಿದುಕೊಂಡ ಮನುಷ್ಯ ಈ ಭೂಮಿಯ ಮೇಲೆ ಅವನೊಬ್ಬನೇ. ತಾನೇ ಚಿತ್ರ ಬರೆದು ತೋರಿಸಿದ್ದ. ಬೋರಮಾಳ ಹೋದ ದುಃಖವನ್ನು ಬಳೆಯ ಅವಮಾನ ಒಂದು ಗಳಿಗೆ ಹಿಂದೆ ಹಾಕಿತು. ಅವನು ಮಾಂತೇಶನ ಬಗ್ಗೆ, ಮಾಂತೇಶನ ಮನೆತನದ ಬಗ್ಗೆ, ಇಡೀ ಕೋಲ್ಡ್ ಸ್ಟೋರೇಜಿನ ಬಗ್ಗೆ ಮಾತಾಡತೊಡಗಿದ.

"ಬಳಿ ಮಾತು ಬಿಡ್ರಿ," ಎಂದಳು ಪುಷ್ಪಲತಾ. ಅವಳ ದನಿ ಸಣ್ಣದಾಗಿತ್ತು. "ನಾಳೆ ಮುಂಜಾನೆ ಶ್ವೇತಾ ಬಾಗಲಾಗ ನಿಂತಿರತಾಳ. ನಾ ಏನ ಕೊಡ್ಲಿ ಆಕಿ ಕೈಯಾಗ?"

ಕೊಟ್ರೇಶ ಮಾತು ನಿಲ್ಲಿಸಿದ. ಒಂಬತ್ತು ವರ್ಷದಲ್ಲಿ ಈ ಹೆಂಗಸು ಮೊದಲ ಸಲ ಆ ಸರವನ್ನು ತನ್ನ ಕೈಗೆ ಕೊಟ್ಟಿದ್ದಳೆಂಬುದು ಅವನಿಗೆ ಈಗ ಹೊಳೆಯಿತು. "ನಡಿ," ಎಂದ. "ಪೊಲೀಸ್ ಠಾಣೆಗೆ ಹೋಗೂಣ."

ದಾರಿಯಲ್ಲಿ ಹಿಂದೆ ಕುಳಿತ ಪುಷ್ಪಲತಾ, ಬಳೆ, ಸಾಬೂನಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡವಳು, ಒಂದೇ ಒಂದು ಮಾತು ಕೇಳಿದಳು. "ಕಾಲಿಡೂದು ಅಲುಗಾಡಾಕತ್ತಿಲ್ಲ. ಯಾವಾಗ ಬಿಗಿ ಮಾಡಿಸಿದ್ರಿ?"

ಕಾಲಿಡುವ ಪಟ್ಟಿ ಸಡಿಲಾಗಿದೆಯೆಂದು ಅವಳು ನಾಲ್ಕು ತಿಂಗಳಿಂದ ಹೇಳುತ್ತಿದ್ದಳು. ಅದು ತಾನಾಗಿಯೇ ಸರಿಯಾಗಿರುವುದನ್ನು ಕೇಳಿ ಕೊಟ್ರೇಶನಿಗೂ ಆಶ್ಚರ್ಯವಾಯಿತು. ಆದರೆ ಅಂಥ ದಿನದಲ್ಲಿ ಒಂದಾದರೂ ಪುಣ್ಯ ತನ್ನ ಹೆಸರಿಗಿರಲೆಂದು, "ಹೋದ ವಾರ ಮಾಡಿಸಿದೆ," ಎಂದ.

ಠಾಣೆಯ ಅಂಗಳದಲ್ಲಿ ಆಗಲೇ ಒಂದು ಆಕಾಶನೀಲಿ ಬೈಕು ನಿಂತಿತ್ತು. ಒಳಗೆ ಬೆಂಚಿನ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು ದೊಡ್ಡ ಚೀಲವೊಂದನ್ನು ಪಕ್ಕದಲ್ಲಿಟ್ಟುಕೊಂಡು, ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಅವಳು ಬಳೆ ಮಾರುವ ದೌಲತಬಿ. ಹೆಡ್ ಕಾನ್‌ಸ್ಟೇಬಲ್ ಅಂದಾನೆಪ್ಪ ಅವಳ ದೂರನ್ನು ಬರೆಯುತ್ತಿದ್ದ. ಅಂದರೆ, ಬರೆಯದೆ ಮುಗಿಸಲು ದಾರಿ ಹುಡುಕುತ್ತಿದ್ದ.

"ಈಗ ಇನ್ನೊಮ್ಮೆ ಹೇಳವ್ವಾ. ಏನ ಕಳುವಾತು?"

"ಬಳಿ ಕಳುವಾದವು ಸಾಹೇಬ್ರ. ಶಾಲಿ ಹುಡಿಗ್ಯಾರಿಗೆ ಅಂತ ಇಟ್ಟಿದ್ದ ಸಣ್ಣ ಅಳತಿ ಬಳಿ. ನನ್ನ ಸಾಬಾಣ ಸೈತ ಒಯ್ದಾರ."

"ಮತ್ತ ಬಂಗಾರ?"

"ಬಂಗಾರ ಕಳುವಾಗಿಲ್ಲರಿ. ಬಂಗಾರ ಸಿಕ್ಕೈತಿ. ಯಾರೋ ನನ್ನ ಡಿಕ್ಕಿಯೊಳಗ ಇಟ್ಟು ಹೋಗ್ಯಾರ. ನಾ ಮನಿ ಮನಿ ಒಳಗ ಹೋಗಿ ಹೆಣ್ಮಕ್ಕಳ ಕೈ ಹಿಡಿಯಾಕಿ. ನನ್ನ ಹತ್ರ ಪರರ ಬಂಗಾರ ಐತಿ ಅಂತ ಸುದ್ದಿ ಆದ್ರ ನಾಳೆ ಯಾವ ಬಾಗಲಾ ತೆರೀತೈತಿ? ಅದಕ್ಕ ನೆಟ್ಟಗ ಇಲ್ಲೇ ಬಂದೇನಿ."

ಅಂದಾನೆಪ್ಪ ಪೆನ್ನು ಕೆಳಗಿಟ್ಟು ಬಾಗಿಲಲ್ಲಿ ನಿಂತ ಗಂಡಹೆಂಡಿರ ಕಡೆಗೆ ತಿರುಗಿದ. "ನಿಮ್ಮದೇನ್ರಿ?"

"ಕಳುವು," ಎಂದ ಕೊಟ್ರೇಶ. "ನನ್ನ ಗಾಡಿ ಡಿಕ್ಕಿಯೊಳಗಿನ ಬೋರಮಾಳ ಒಯ್ದು ಬಳಿ ಇಟ್ಟಾರ. ಮಾಂತೇಶ ಅನ್ನಾವ್ನ ಮ್ಯಾಲ ಸಂಶಯ ಐತಿ."

ಅಂದಾನೆಪ್ಪ ಅವನನ್ನು ನೋಡಿದ. ದೌಲತಬಿಯನ್ನು ನೋಡಿದ. ಕಿಟಕಿಯಿಂದ ಅಂಗಳದಲ್ಲಿ ಅಕ್ಕಪಕ್ಕ ನಿಂತ ಎರಡು ಗಾಡಿಗಳನ್ನು ನೋಡಿದ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಬೇಗ ಪತ್ತೆಯಾದ ಕೇಸು ಅವನ ಕೈಗೆ ಬಂದಿರಲಿಲ್ಲ.

"ಗಾಡಿ ಅದಲುಬದಲಾಗ್ಯಾವ," ಎಂದ ಅವನು. "ಆತು, ಇಬ್ಬರೂ ನಿಮ್ಮ ನಿಮ್ಮ ಗಾಡಿ ತಗೊಂಡು ಹೋಗ್ರಿ."

"ಅದು ಸಾಧ್ಯ ಇಲ್ಲ," ಎಂದ ಕೊಟ್ರೇಶ.

"ಆಗಂಗಿಲ್ಲ ಬಿಡ್ರಿ," ಎಂದಳು ದೌಲತಬಿ. "ನನ್ನ ಚಾವಿಗೆ ತೆರದೈತಿ ಅಂದ್ರ ಗಾಡಿ ನಂದ. ಸ್ವಲ್ಪ ಮೆಲ್ಲಕ ಓಡ್ತು ಇವತ್ತ, ಹಬ್ಬದ ಆಲಸ್ಯ ಗಾಡಿಗೂ ಬಂದಿರಬೇಕು ಅಂದ್ಕೊಂಡೆ."

ಕೊಟ್ರೇಶ ಗೌರವದಿಂದ ಅವಳ ಕಡೆ ನೋಡಿದ. ಪದವಿ ಇಲ್ಲದೆಯೂ ಕಾರ್ಯಕಾರಣ ಬಲ್ಲ ಹೆಂಗಸು. "ಸಾಹೇಬ್ರ, ಇದು ಒಂದು ಲಕ್ಷ ಕೋಟಿಗೆ—"

"ನಂಬರ್ ಹೇಳ್ರಿ ಗಾಡೀದು."

"ಈ ಗಾಡಿಗೆ ನಂಬರ್ ಇರಂಗಿಲ್ಲರಿ."

ಅಂದಾನೆಪ್ಪ ಎದ್ದು ಹೊರಗೆ ಬಂದು ಇಬ್ಬರ ಚಾವಿಗಳನ್ನೂ ಇಸಿದುಕೊಂಡ. ಕೊಟ್ರೇಶನ ಚಾವಿ ಎರಡೂ ಗಾಡಿಗಳ ಎಂಟೂ ಕೀಲಿಗಳನ್ನು ತೆರೆಯಿತು. ದೌಲತಬಿಯ ಚಾವಿಯೂ ತೆರೆಯಿತು. ಎರಡು ಚಾವಿಗಳನ್ನು ಒಂದರ ಮೇಲೊಂದಿಟ್ಟು ಆಕಾಶಕ್ಕೆ ಹಿಡಿದರೆ ಒಂದೇ ಚಾವಿ ಕಂಡಿತು.

"ಯಾರು ಮಾಡಿದ್ದು ಇದನ್ನ?"

"ಕಾಸೀಮಸಾಬ," ಎಂದರು ಇಬ್ಬರೂ.

ಕಾಸೀಮಸಾಬನನ್ನು ಕರೆಸಲಾಯಿತು. ಅವನು ಹೆದರಿಕೊಂಡು ಬರಲಿಲ್ಲ. ತನ್ನ ಕೈಗೆಲಸದ ಬಗ್ಗೆ ಯಾರೋ ತಿಳಿಯಬಯಸಿದ್ದಾರೆಂದು ಸಂತೋಷದಿಂದಲೇ ಬಂದ.

"ಇಬ್ಬರಿಗೂ ಒಂದ ಚಾವಿ ಯಾಕ ಕೊಟ್ರಿ?"

"ಒಂದ ಚಾವಿ ಕೇಳಿದ್ರು, ಒಂದ ಚಾವಿ ಕೊಟ್ಟೇನಿ," ಎಂದ ಕಾಸೀಮಸಾಬ. "ಒಂದ ಚಾವಿ ಕೇಳಿದವ್ರಿಗೆಲ್ಲಾ ನಂದು ಒಂದ ನಮೂನಿ. ಯಾಕಂದ್ರ ಕೇಳ್ರಿ. ಹತ್ತು ಚಾವಿ ಇದ್ದಾವ ಒಂದು ಕಳಕೊಂಡ್ರ ಒಂದು ಕೀಲಿ ತ್ರಾಸು. ಒಂದ ಚಾವಿ ಇದ್ದಾವ ಅದನ್ನ ಕಳಕೊಂಡ್ರ ಮನಿ ಹೊರಗ ಬಿದ್ದಂಗ. ಪಾಪ, ಅವನ ನಮೂನಿ ಹುಡುಕಿ ನಾ ಚಾವಿ ಕಡಿಯೂತನಕ ಅವ ಬಿಸಲಾಗ ನಿಂದ್ರಬೇಕೇನು? ಅದಕ್ಕ ಒಂದ ನಮೂನಿ ಇಟ್ಟು, ಆ ಚಾವಿ ಹತ್ತು ಕಡಿದು ತೂಗು ಹಾಕೇನಿ. ಯಾರ ಬಂದ್ರೂ ತೆಗದು ಕೊಡೂದ."

ಆ ಏರ್ಪಾಡಿನ ಹಿಂದಿದ್ದ ದಯೆಯನ್ನು ಅಲ್ಲಗಳೆಯುವಂತಿರಲಿಲ್ಲ. ಕೊಟ್ರೇಶ ಮಾತ್ರ ಬೆಲ್ಲದ ಚೀಲದ ಮೇಲಿನ ತನ್ನ ಗುಣಾಕಾರವನ್ನು ಮನಸ್ಸಿನಲ್ಲಿ ಹೊಡೆದುಹಾಕುತ್ತಿದ್ದ.

ಅಂದಾನೆಪ್ಪನಿಗೆ ನಗು ತಡೆಯಲಾಗಲಿಲ್ಲ. ಮೇಜು ತಟ್ಟಿ ನಕ್ಕ. "ಇಂಥಾ ಶ್ಯಾಣ್ಯಾನ ಕೈಯಾಗ ಎಷ್ಟು ಮಂದಿ ಸಿಕ್ಕಾರಪಾ?"

"ಹದಿನೇಳು ಮಂದಿ ಆಗ್ಯಾರ್ರಿ. ನಿಮ್ಮ ಮನಿಯವ್ರು ಹೋದ ವರ್ಷ ಬಂದು ಗೇಟು, ಕಪಾಟು, ದೇವರ ಖೋಲಿ, ಮೂರಕ್ಕೂ ಮಾಡಿಸಿಕ್ಯಾಂಡು ಹೋದ್ರಲ್ಲ, ಅವರೇ ಮೊದಲನೇ ಗಿರಾಕಿ."

ಹೆಡ್ ಕಾನ್‌ಸ್ಟೇಬಲ್ಲನ ನಗು ಅಲ್ಲಿಗೆ ನಿಂತಿತು. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಈ ಮಾತು ಠಾಣೆ ಬಿಟ್ಟು ಹೊರಗ ಹೋಗಬಾರದು," ಎಂದ ಮೆಲ್ಲಗೆ. "ಹಬ್ಬ ಮುಗಿದ ಮರುದಿನ ಹದಿನೇಳೂ ಮಂದೀದು ಬ್ಯಾರೆ ಬ್ಯಾರೆ ಮಾಡಿ ಕೊಡ್ತಿ. ನಮ್ಮ ಮನೀಂದ ಸುರು ಮಾಡ್ತಿ. ಅಲ್ಲೀತನಕ ಎಲ್ಲಾರೂ ಒಬ್ಬರ ಮ್ಯಾಲೊಬ್ಬರು ವಿಶ್ವಾಸ ಇಟ್ಟು ಇರೂದು."

"ವಿಶ್ವಾಸ ಇದ್ರ ಕೀಲಿ ಯಾಕ್ರಿ ಬೇಕಿತ್ತು," ಎಂದು ಕಾಸೀಮಸಾಬ ತನ್ನಷ್ಟಕ್ಕೆ ಅಂದುಕೊಂಡ.

ಇನ್ನು ಯಾವ ಗಾಡಿ ಯಾರದೆಂಬುದು ತೀರ್ಮಾನವಾಗಬೇಕಿತ್ತು. ಕೊಟ್ರೇಶ ಎರಡನ್ನೂ ಮೂರು ಮೂರು ಸಲ ಸುತ್ತಿದ. ಪುಷ್ಪಲತಾ ಹೋಗಿ ದೌಲತಬಿ ತಂದ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಕಾಲಿಟ್ಟಳು. ಪಟ್ಟಿ ಗಡಗಡ ಅಲುಗಿತು.

"ಇದ ನಮ್ಮದು," ಎಂದಳು. ಆಮೇಲೆ ಗಂಡನ ಕಡೆ ನೋಡಿದಳು. "ಹೋದ ವಾರ ಮಾಡಿಸಿದ್ರಲ್ಲ."

ಕೊಟ್ರೇಶ ಠಾಣೆಯ ಗೋಡೆಯ ಮೇಲಿನ ಒಂದು ಹಳೆಯ ಸೂಚನೆಯನ್ನು ಗಮನವಿಟ್ಟು ಓದತೊಡಗಿದ.

"ಗಾಡಿ ಯಾವುದಾದ್ರೂ ಒಯ್ರಿ," ಎಂದಳು ದೌಲತಬಿ. ಸೆರಗಿನ ಗಂಟನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. "ಈ ಬಂಗಾರ ಮಾತ್ರ ನಾ ಸುಮ್ಮ ಕೊಡಂಗಿಲ್ಲ. ಎಲ್ಲಾ ಚಾವಿ ಎಲ್ಲಾ ಕೀಲಿ ತೆರಿಯೂ ಊರಾಗ, ಇದು ನಿಮ್ಮದ ಅಂತ ಗುರುತು ಏನು? ಹೇಳ್ರಿ."

"ಇಪ್ಪತ್ತೆರಡು ಕ್ಯಾರೆಟ್ಟು," ಎಂದ ಕೊಟ್ರೇಶ. "ನೀರಾಗ ಮುಳುಗಿಸಿ ತೂಕ ಮಾಡಿದ್ರ—"

"ನೀವು ಸುಮ್ಮನಿರ್ರಿ," ಎಂದಳು ಪುಷ್ಪಲತಾ. ಅವಳು ದೌಲತಬಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಳು. "ಕೊಂಡಿಯಿಂದ ಏಳನೇ ಗುಂಡು ಮುಟ್ಟಿ ನೋಡ್ರಿ ಯವ್ವಾ. ಒಂದು ಕಡೆ ಒಳಗ ಹೋಗೇತಿ. ನಮ್ಮ ತಂಗಿಗೆ ಹೊಸದಾಗಿ ಹಲ್ಲು ಬಂದಿದ್ವು. ಅವ್ವ ಎತ್ತಿಕೊಂಡಾಗೆಲ್ಲ ಅದನ್ನ ಕಡೀತಿದ್ಲು. ಪತ್ತಾರ ಸರಿ ಮಾಡಿಕೊಡ್ತೇನಿ ಅಂದ್ರೂ ಅವ್ವ ಮಾಡಸಲಿಲ್ಲ."

ದೌಲತಬಿ ಗಂಟು ಬಿಚ್ಚಲಿಲ್ಲ. ಸೆರಗಿನ ಮೇಲಿಂದಲೇ ಹೆಬ್ಬೆರಳಿನಿಂದ ಒಂದೊಂದೇ ಗುಂಡು ತಡವುತ್ತ ಹೋದಳು. ಗಾಜಿನ ಬಳೆಯ ಕೂದಲೆಳೆಯಂಥ ಬಿರುಕನ್ನೂ ಕಣ್ಣು ಮುಚ್ಚಿ ಹಿಡಿಯುವ ಬೆರಳು ಅದು. ಏಳನೆಯದರ ಮೇಲೆ ನಿಂತಿತು.

"ಸಣ್ಣ ಹಲ್ಲು," ಎಂದಳು. ಗಂಟು ಬಿಚ್ಚಿ ಸರವನ್ನು ಪುಷ್ಪಲತಾಳ ಮಡಿಲಲ್ಲಿಟ್ಟಳು. ಆಮೇಲೆ ಅವಳ ಒಂದೊಂದೇ ಬಳೆಯ ಕೈಗಳನ್ನು ನೋಡಿ ತನ್ನ ಚೀಲ ಎಳೆದುಕೊಂಡಳು. "ನಾಳೆ ಪಂಚಮಿ ಇಟ್ಟುಕೊಂಡು ಇಷ್ಟ ಬಳ್ಯಾಗ ತಂಗಿ ಮನಿಗೆ ಹೊಕ್ಕೀಯೇನವಾ? ಕೊಡು ಇಲ್ಲೆ ಕೈ. ಎರಡು-ಎಂಟು. ಹೌದಲ್ಲೋ?"

ಠಾಣೆಯ ಬೆಂಚಿನ ಮೇಲೆ, ಕಳುವಿನ ಮಾಲೆಂದು ಮೇಜಿಗೆ ಬಂದಿದ್ದ ಸಾಬೂನಿನಿಂದಲೇ ಬಳೆ ತೊಡಿಸುವುದು ನಡೆಯಿತು. ದೌಲತಬಿ ಗೆಣ್ಣುಗಳನ್ನು ಒತ್ತಿ ಒತ್ತಿ ಒಂದೊಂದೇ ಬಳೆ ಏರಿಸಿದಳು. ಅಂದಾನೆಪ್ಪ ನೀರು ತರಿಸಿಕೊಟ್ಟ. ಎರಡೂ ಕೈ ಸಾಬೂನಿನ ನೊರೆಯಾಗಿದ್ದ ಪುಷ್ಪಲತಾ ಗಂಡನ ಕಡೆ ತಿರುಗಿ, "ಇದನ್ನ ಮಡಲಾಗ ಇಟ್ಕೊಂಡು ಕುಂದ್ರಾಕ ನನಗ ಧೈರ್ಯ ಇಲ್ಲ. ಕೊರಳಿಗೆ ಹಾಕ್ರಿ," ಎಂದಳು.

ಕೊಟ್ರೇಶ ಅವಳ ಹಿಂದೆ ನಿಂತು ಸರ ಹಾಕಿದ. ಹಿಂಭಾಗದ ಕೊಂಡಿ ಅಕ್ಕಿಕಾಳಿನಷ್ಟಿತ್ತು. ಒಮ್ಮೆ ತಪ್ಪಿತು. ಇನ್ನೊಮ್ಮೆ ತಪ್ಪಿತು. ಉಸಿರು ಬಿಗಿಹಿಡಿದು ಮೂರನೆಯ ಸಲ ಹಾಕಿದ, ಹೊಂದಿಕೊಂಡಿತು. ಆದರೂ ಅವನು ಕೈ ತೆಗೆಯಲಿಲ್ಲ.

"ಬಿತ್ತೇನ್ರಿ?"

"ಬಿದ್ದೈತಿ. ಗಟ್ಟಿ ಐತೇನಂತ ನೋಡಾಕತ್ತೇನಿ."

"ನೋಡ್ರಿ," ಎಂದಳು ಪುಷ್ಪಲತಾ. "ಗಡಿಬಿಡಿ ಏನಿಲ್ಲ."

ಹೊರಗೆ ಬಂದಾಗ ಇನ್ನೊಂದು ತೊಂದರೆ ಕಾದಿತ್ತು. ಎರಡು ಗೆರೆಯ ಬ್ಯಾಟರಿಯಲ್ಲಿ ದೌಲತಬಿ ಪಕ್ಕದ ಹಳ್ಳಿಗೆ ಹೋಗಿ ಬಂದಿದ್ದಳು. ಅಂದಾನೆಪ್ಪ ಮರಳಿ ಕೊಟ್ಟ ಚಾವಿ ತಿರುಗಿಸಿದರೆ ಕೊಟ್ರೇಶನ ಗಾಡಿ ಕೆಂಪು ದೀಪ ತೋರಿಸಿ ಸುಮ್ಮನಾಯಿತು, ಅವನು ಚಾವಿಯನ್ನು ಕಿಸೆಗೆ ಹಾಕಿದ. ಮೋಟೆಬೆನ್ನೂರು ಐದಾರು ಕಿಲೋಮೀಟರು. ಒಲೆಯ ಮೇಲೆ ಬೆಲ್ಲದ ಪಾಕವನ್ನು ಉಚ್ಚಂಗೆವ್ವನ ಭರವಸೆಯ ಮೇಲೆ ಬಿಟ್ಟು ಬಂದದ್ದು.

"ನನ್ನ ಗಾಡಿ ಒಯ್ರಿ ತಮ್ಮಾ," ಎಂದಳು ದೌಲತಬಿ. "ತುಂಬಾ ಚಾರ್ಜ್ ಐತಿ. ನಿಮ್ಮದನ್ನ ಇಲ್ಲೇ ನಮ್ಮ ಮನ್ಯಾಗ ಚಾರ್ಜ್ ಹಾಕಿ ನಸುಕಿನ್ಯಾಗ ತರ್ತೇನಿ. ನಿಮ್ಮೂರಾಗ ಬಳಿ ತೊಡಸೂದು ಹೆಂಗೂ ಐತಿ."

ಪುಷ್ಪಲತಾ ತಲೆಯಾಡಿಸಿ ಆ ಗಾಡಿಯ ಹಿಂದೆ ಕುಳಿತಳು. ಗಟ್ಟಿಯಾದ ಪಟ್ಟಿಯ ಮೇಲೆ ನೆಮ್ಮದಿಯಿಂದ ಕಾಲಿಟ್ಟಳು. ಕೊಟ್ರೇಶ ಮುಂದೆ ಕುಳಿತು, ಹ್ಯಾಂಡಲ್ ಹಿಡಿದು, ದೌಲತಬಿಯ ಕಡೆಗೆ ಕೈ ಚಾಚಿದ.

"ಚಾವಿ ಕೊಡ್ರಿ ಯವ್ವಾ."

ದೌಲತಬಿ ಪುಷ್ಪಲತಾಳ ಮುಖ ನೋಡಿದಳು. ಬಾಗಿಲಲ್ಲಿ ನಿಂತ ಅಂದಾನೆಪ್ಪ ಬೇರೆ ಕಡೆ ನೋಡಿದ. ಪುಷ್ಪಲತಾ ಹೊಸ ಬಳೆಗಳ ಕೈಯನ್ನು ಮುಂದೆ ತಂದು ಗಂಡನ ಅಂಗಿಯ ಕಿಸೆಯನ್ನು ಮೆಲ್ಲಗೆ ತಟ್ಟಿದಳು.

"ಇಲ್ಲೈತಿ," ಎಂದಳು. "ನಡೀರಿ."